ತಳದ ಹನಿ

ಯಾಕೋಬ್‌ಸ್ಟಾಡಿನಲ್ಲಿ ಮೇ ತಿಂಗಳು.
ಕಡಲಿನ ಹೆಪ್ಪು ಒಡೆದು ಹದಿನೈದೇ ದಿನ,
ದಕ್ಕೆಯ ಕಲ್ಲುಗಳ ನೆರಳಲ್ಲಿ
ಇನ್ನೂ ಒಂದೆರಡು ಚೂರು ಕೊಳಕು ಬಿಳುಪು.
ಹೊಸ ಹಾಯಿದೋಣಿ ಶೆಡ್ಡಿನಿಂದ ಹಿಮ್ಮುಖವಾಗಿ ಬಂತು,
ಮನೆ ಬದಲಿಸುವಾಗ ಬೀರು ಹೊರಡುವ ಹಾಗೆ,
ಎಡಕ್ಕೆ, ಒಂಚೂರು ಬಲಕ್ಕೆ, ತಡಿ ತಡಿ
ಅನ್ನಿಸಿಕೊಳ್ಳುತ್ತ.

ನಾನು ತಂತಿಯವಳು.
ಗಿಡ್ಡಗಿದ್ದೇನೆಂದು ಇಕ್ಕಟ್ಟೆಲ್ಲ ನನ್ನ ಪಾಲಿಗೆ.
ಚಳಿಗಾಲವಿಡೀ ದೋಣಿಯ ಪಕ್ಕೆಲುಬಿನೊಳಗೆ
ಮೊಣಕೈ ಮಡಚಿ, ಹಣೆಗೆ ದೀಪ ಕಟ್ಟಿ
ಕೆಂಪು ಕಪ್ಪು ಹಳದಿ ಎಂದು ಗೊಣಗುತ್ತ ಎಳೆದಿದ್ದೇನೆ
ಸಾವಿರದ ಇನ್ನೂರು ಮೀಟರು.
ಪಂಪಿಗೆ, ಒಲೆಗೆ, ಆಳ ಕೇಳುವ ಕಿವಿಗೆ,
ಕೂವೆಕಂಬದ ತುದಿಯ ಒಂಟಿ ಕಣ್ಣಿಗೆ.
ಹಲಗೆ ಮುಚ್ಚಿದ ಮೇಲೆ ಇದನ್ನು ಯಾರೂ ನೋಡುವುದಿಲ್ಲ.
ಕೆಟ್ಟರೆ ನೋಡುತ್ತಾರೆ, ಬೈದುಕೊಂಡು.

ಯಜಮಾನಿ ಡಾಗ್ನಿ, ಲೂಲಿಯೋದ ಹಲ್ಲಿನ ಡಾಕ್ಟರು,
ಕ್ಲಿನಿಕ್ಕು ಮುಚ್ಚಿ, ಕುರ್ಚಿ ಮಾರಿ ಬಂದವಳು.
ಪ್ರತಿ ಮೂಲೆಗೂ ಪುಟ್ಟ ಕನ್ನಡಿ ಹಿಡಿದು ನೋಡುತ್ತಾಳೆ,
ಬಿಟ್ಟರೆ ವಾಲ್ವಿಗೂ ಬಾಯಿ ತೆರೆ ಅಂದಾಳು.
ಕಂಬ ನಿಲ್ಲಿಸುವ ಮುಂಚೆ ಬುಡಕ್ಕೊಂದು ನಾಣ್ಯ ಇಡುವುದು ರೂಢಿ.
ಕ್ರೇನಿನವನು ಕಂಬವನ್ನು ಗಾಳಿಯಲ್ಲಿ ತೂಗಿಸಿಕೊಂಡು ಕಾಯುತ್ತಿರುವಾಗ
ಇವಳು ಜೇಬು ತಡಕಿ ತೆಗೆದದ್ದು
ಚಿನ್ನದ ಹಲ್ಲುಗವಸು, ದವಡೆಯದು,
ಒಳಗಿನ್ನೂ ಸಿಮೆಂಟಿನ ಕಲೆ.
ಯಾರದೆಂದು ಯಾರೂ ಕೇಳಲಿಲ್ಲ.
ಹದಿನೇಳು ಮೀಟರಿನ ಕಂಬ
ಅದನ್ನು ಕಚ್ಚಿಕೊಂಡು ಕೂತಿತು.

ಆಮೇಲೆ ಪಟ್ಟಿ. ಅದೊಂದು ಮುಗಿಯದ ಪಟ್ಟಿ.
ಮುಖ್ಯ ಹಾಯಿಯ ಎರಡನೆಯ ಪಟ್ಟೆ ಉದ್ದವಾಯಿತು.
ಕಕ್ಕಸಿನ ಚಿಲಕ ಒಳಗಿನಿಂದ ಬೀಳದು.
ದಿಕ್ಸೂಚಿ ಉತ್ತರವನ್ನು ನಾಲ್ಕು ಡಿಗ್ರಿ ಸುಳ್ಳು ಹೇಳಿತು:
ತಪ್ಪು ನನ್ನದೇ, ಅದರ ಬೆನ್ನಿಗೇ ಸ್ಪೀಕರು ಕೂರಿಸಿದ್ದೆ,
ಅಯಸ್ಕಾಂತಕ್ಕೆ ಹಾಡೊಂದು ನೆಪ.

ಮೂರನೆಯ ದಿನ ತಳದ ಹಲಗೆ ಎತ್ತಿದರೆ
ಅಲ್ಲಿ ನೀರು. ಎರಡು ಚಮಚ ಇದ್ದೀತು.
ಎಲ್ಲರ ಮಾತೂ ನಿಂತಿತು.
ರೂನಾರ್ ನಲವತ್ತು ವರ್ಷದ ಬೆರಳನ್ನು ಅದ್ದಿ ನಾಲಿಗೆಗಿಟ್ಟ.
ಉಪ್ಪಾದರೆ ಕಡಲು, ಸಪ್ಪೆಯಾದರೆ ಟ್ಯಾಂಕು,
ಬೇರೆ ಬಂದರುಗಳಲ್ಲಿ ಲೆಕ್ಕ ಇಷ್ಟೇ.
ನಮ್ಮ ಕಡಲೋ, ಹೊಳೆಗಳನ್ನು ಕುಡಿದು ಕುಡಿದು
ಉಪ್ಪಿನ ಋಣ ಅನ್ನಲೂ ಆಗದಷ್ಟು ಸಪ್ಪೆ.
ಅವ್ವ ಮೀನು ಬೇಯಿಸಲು ಇದೇ ನೀರು ತಂದು
ಆಮೇಲೂ ಉಪ್ಪಿನ ಡಬ್ಬಿ ಕೇಳುತ್ತಿದ್ದಳು.

ಟ್ಯಾಂಕು, ಅಂದ ರೂನಾರ್.
ಕಡಲು, ಅಂದ ಟೂರ್ಬ್ಯೋನ್.
ಡಾಗ್ನಿ ಬಹಳ ಹೊತ್ತು ಚಪ್ಪರಿಸಿ ಅಂದಳು,
"ಬಾಯಿಗೆ ಅದರದೇ ಉಪ್ಪಿದೆ, ಮೊದಲು ಅದನ್ನು ಕಳೆಯಬೇಕು."
ನನಗೆ ಸಿಕ್ಕದ್ದು ತಾಮ್ರ, ಅಂಟು,
ಜನವರಿಯ ನನ್ನ ಬೆವರು.

ಒರೆಸಿ, ಒಣಗಿಸಿ, ಮಕ್ಕಳ ಪೌಡರು ಉದುರಿಸಿ
ಕಾಯಲು ನನ್ನನ್ನು ಬಿಟ್ಟುಹೋದರು.
ಇಪ್ಪತ್ತು ವರ್ಷದಿಂದ ದೋಣಿ ಕಟ್ಟುತ್ತಿದ್ದೇನೆ,
ನೀರ ಮೇಲೆ ಮಲಗಿದ್ದು ಅಂದೇ ಮೊದಲು.
ನಿದ್ದೆ ಬರಲಿಲ್ಲ. ಶೆಡ್ಡಿನಲ್ಲಿ ಕಲ್ಲಿನಂತಿದ್ದ ಇದು
ಈಗ ಒಂದೇ ಸಮ ಮಗ್ಗುಲು ಬದಲಿಸುತ್ತದೆ.
ಕತ್ತಲಾಗದ ರಾತ್ರಿ, ನಸುಕಿಗೆ ಸಣ್ಣ ಮಳೆ.

ಬೆಳಿಗ್ಗೆ ಪೌಡರಿನ ಮೇಲೆ ಒಂದೇ ಗೆರೆ,
ಇರುವೆ ನಡೆದಷ್ಟು ಸಪೂರ,
ಬಂದದ್ದು ಕಂಬದ ಬುಡದಿಂದ.
ಹಗ್ಗ ಹೊಗುವ ಸೀಳಿನಲ್ಲಿ ಮಳೆ ನುಗ್ಗಿ
ನಾನು ಎಳೆದ ಕಪ್ಪು ತಂತಿಯನ್ನೇ ಹಿಡಿದು
ಹದಿನೇಳು ಮೀಟರು ಇಳಿದು
ಚಿನ್ನದ ಹಲ್ಲು ತೊಳೆದು
ಇಲ್ಲಿ ಬಂದು ಕೂತಿತ್ತು.

ರೂನಾರ್ ನಕ್ಕ, ಮೂವರೂ ಸೋತೆವು ಅಂದ.
ಪಟ್ಟಿಯಲ್ಲಿ ನಾನೇ ಬರೆದೆ:
"ನಲವತ್ತೊಂದು. ಆಕಾಶ. ರಿಪೇರಿ ಇಲ್ಲ.
ಬುಡದಲ್ಲಿ ಸ್ಪಂಜು ಇಡುವುದು, ಆಗಾಗ ಹಿಂಡುವುದು."
ಡಾಗ್ನಿ ಓದಿ ಸಹಿ ಹಾಕಿದಳು.

ಹೊರಟದ್ದು ರಾತ್ರಿ ಹನ್ನೊಂದಕ್ಕೆ, ಬಿಸಿಲಾರದ ಬೆಳಕಿನಲ್ಲಿ.
ಬೇಡವಾಗಿದ್ದರೂ ಎಲ್ಲ ಸ್ವಿಚ್ಚೂ ಒತ್ತಿದಳೆಂದು ಕಾಣುತ್ತದೆ.
ತುದಿಯ ದೀಪ ಹೊತ್ತಿತೋ ಇಲ್ಲವೋ
ದಕ್ಕೆಯಿಂದ ತಿಳಿಯಲಿಲ್ಲ.
ಟೂರ್ಬ್ಯೋನ್ ಕೇಳಿದ, ಕಾಣುತ್ತಾ?
ನಾನು ಹೂಂ ಅಂದೆ.