ಚಾಂದೋರಿನ ಗಡಿ

ಮಡಗಾಂವಿನಿಂದ ಬಸ್ಸು ಹೊರಟಾಗಲೇ ಹೇಳಿದ್ದಳು ಶಾವಂತ್ರಿ:
'ನೀವು ಹೋಗಿ ನೋಡಿ ಬರ್ರಿ, ನಾ ಒಳಗ ಕಾಲಿಡಂಗಿಲ್ಲ.'
ತಪ್ಪು ನನ್ನದೇ.
ಪಾಳಿಯ ಜೊತೆಗಾರ ಫಟು ಗಾಂವಕಾರ
ಡಬ್ಬಿ ತೊಳೆಯುತ್ತ ಹೇಳಿದ ಕತೆಯನ್ನು
ಅವಳ ಮುಂದೆ ಬಿಚ್ಚಿದ್ದೆ,
ಅದೂ ರಾತ್ರಿ, ದೀಪ ಆರಿಸಿದ ಮೇಲೆ.

ರಾಜನೊಬ್ಬನಿದ್ದನಂತೆ. ಇರಲೇಬೇಕಲ್ಲ.
ರಾಣಿ ತವರಿಗೆ ಹೋದಾಗ ವೈರಿ ಬಂದನಂತೆ;
ಅವಳು ಮರಳುವಷ್ಟರಲ್ಲಿ ಅರಮನೆಯ ಬಾಗಿಲಿಗೆ
ಯಾರದೋ ಕುದುರೆ ಕಟ್ಟಿತ್ತಂತೆ.
ಕೈಬಳೆ ಕಳಚಿ ಹೊಳೆದಂಡೆಯ ಕಲ್ಲಿಗಿಟ್ಟು
ಕುಟ್ಟಿ ಕುಟ್ಟಿ, ಒಣಮೆಣಸಿನಕಾಯಿ ಕುಟ್ಟಿದ ಹಾಗೆ ಕುಟ್ಟಿ,
ಬಂಗಾರದ ಪುಡಿಯನ್ನು ಕುಶಾವತಿಗೆ ತೂರಿದಳಂತೆ:
'ಈ ಊರಿಗೆ ಕಾಲಿಟ್ಟ ಮುತ್ತೈದೆಯ ಕೈ
ನನ್ನ ಕೈಯಂತಾಗಲಿ.'

ಏಳುನೂರೋ ಎಂಟುನೂರೋ ವರ್ಷದ ಮಾತು, ಎಂದೆ.
ವಾರಕ್ಕೆ ಆರು ರಾತ್ರಿ ಬಾಯ್ಲರಿನ ಪಕ್ಕ ನಿಲ್ಲುವವನು ನಾನು,
ಅದಕ್ಕಿಲ್ಲದ ಹೆದರಿಕೆ ಸತ್ತ ರಾಣಿಗೇಕೆ?
'ಬಾಯ್ಲರಿಗೆ ಇನ್ಶೂರನ್ಸ್ ಐತಿ' ಅಂದಳು.

ಇಗರ್ಜಿಯ ಮುಂದೆ ಇಳಿದೆವು.
ಶೇಂಗಾ ಪೊಟ್ಟಣ ಹಿಡಿದು ಅವಳು ನೆರಳಿಗೆ ಕೂತಳು.
ನಾನು ನಡೆದೆ,
ಸಿಂಪಿನ ಕಿಟಕಿಗಳ ಮನೆ ದಾಟಿ, ಮಲಗಿದ ನಾಯಿ ದಾಟಿ,
ಕೋಟ್ ಎಂಬ ಕೇರಿಗೆ. ಹೆಸರಿಗೆ ಕೋಟೆ;
ಹುಲ್ಲಿನಲ್ಲಿ ಮಣಕಾಲೆತ್ತರದ ಕೆಂಪುಕಲ್ಲು.

ನಂದಿ ಇದೆ. ತಲೆಯಿಲ್ಲ.
ಹೊಳೆಗೆ ಬಿತ್ತು ಎಂದ ಸೈಕಲ್ಲಿನ ಹುಡುಗ.
ಹಡಗು ಹತ್ತಿಸಿ ಒಯ್ದರು ಎಂದ ಅವನ ಗೆಳೆಯ.
ತಲೆಯ ವಿಚಾರ ಆಫೀಸಿನಲ್ಲಿ ಕೇಳಿ, ಎಂದ ಕಾವಲುಗಾರ.
ಬೆನ್ನ ಮೇಲೆ ಕೈಯಿಟ್ಟೆ; ಬಿಸಿಲುಂಡು ಬೆಚ್ಚಗಿತ್ತು.
ಆಮೇಲೆ, ಯಾರೂ ನೋಡುತ್ತಿಲ್ಲವೆಂದು,
ಮುಖವಿರಬೇಕಾದ ಗಾಳಿಯನ್ನೂ ಸವರಿದೆ.

ಆಗ ಕೇಳಿತು. ಹೊಳೆಯ ಕಡೆಯಿಂದ.
ಕಲ್ಲಿಗೆ ಕಲ್ಲು.
ಬಟ್ಟೆ ಒಗೆಯುತ್ತಿರಬೇಕು ಎಂದುಕೊಂಡು ಇಳಿದೆ;
ಇಳಿದಷ್ಟೂ ಹತ್ತಿರ, ಹತ್ತಿರ,
ದಂಡೆ ಮುಟ್ಟಿದಾಗ ಇಲ್ಲ.
ಯಾರೂ ಇಲ್ಲ. ಒಂದು ಕಲ್ಲು ಮಾತ್ರ ಒದ್ದೆ.

ಮರಳು ಮಿಣಮಿಣ ಮಿನುಗುತ್ತಿತ್ತು.
ಅಭ್ರಕ, ಗೊತ್ತು; ಎಸೆಸೆಲ್ಸಿ ಪಾಸಾದವನು ನಾನು.
ಆದರೂ ಒಂದು ಹಿಡಿ ಕರವಸ್ತ್ರಕ್ಕೆ ಕಟ್ಟಿಕೊಂಡೆ,
ಆದರೂ ನೂರು ಹೆಜ್ಜೆ ನಡೆಯುವಷ್ಟರಲ್ಲಿ
ಕರವಸ್ತ್ರ ಸಮೇತ ಬೇಲಿಗೆಸೆದು
ಓಡಿದೆನೆಂದರೂ ಸುಳ್ಳಲ್ಲ.

ನೆರಳಿನಲ್ಲಿ ಶೇಂಗಾ ಸಿಪ್ಪೆಯಿತ್ತು. ಅವಳಿರಲಿಲ್ಲ.

ಕೂಗಿದೆ. ಇಗರ್ಜಿಯ ಗೋಡೆ
'ತ್ರಿ' ಎಂಬುದನ್ನಷ್ಟೇ ತಿರುಗಿಸಿ ಕೊಟ್ಟಿತು.
ಎದೆಯೊಳಗೆ ಯಾರೋ ಕುಟ್ಟುತ್ತಿದ್ದರು.

ಮೂರನೆಯ ಮನೆಯ ಜಗಲಿಯಲ್ಲಿ ಸಿಕ್ಕಳು,
ಎಸ್ಪೆರಾನ್ಸಾ ಎಂಬ ಮುದುಕಿಯ ಪಕ್ಕ,
ಕಾಲು ಚಾಚಿ ಬಿರಿಂಡೆ ಶರಬತ್ತು ಕುಡಿಯುತ್ತ.
ಅವಳ ಕೊಂಕಣಿ ಇವಳಿಗೆ ಬಾರದು, ಇವಳ ಗದಗಿನ ಮಾತು ಅವಳಿಗೆ;
ಉದಕ ಎಂದರೆ ಇಬ್ಬರಿಗೂ ಉದಕ,
ಕಾಂಕಣ ಎಂದಾಗ ಇಬ್ಬರೂ ಕೈ ಮುಂದೆ ಚಾಚಿದ್ದರಂತೆ.
'ಕೇಳ್ರಿ ಅಕೀಗೆ,
ಕೋಟೀ ಗಡಿ ಎಲ್ಲಿಂದ ಸುರು?'
ಕೇಳಿದೆ, ನನ್ನ ಅರ್ಧಂಬರ್ಧ ಕೊಂಕಣಿಯಲ್ಲಿ.
ಮುದುಕಿ ನಕ್ಕಳು, ಒಸಡೆಲ್ಲ ಕಾಣುವಂತೆ:
'ಇಗರ್ಜಿಯೂ ಒಳಗೇ ಅಂತಾನೆ ನನ್ನ ಗಂಡ.
ಬಸ್ಸಿಳಿದಾಗಲೇ ಒಳಗೆ ಬಂದಿರಿ, ಬಾಯ್.'

ಗಂಡ! ಶಾವಂತ್ರಿಯ ಮುಖ ಅರಳಿತು.
ಹಿತ್ತಲಿನಿಂದ ಬಂದ, ತೊಂಬತ್ತರ ಮೇಲಿನವ,
ಮಡಿಲ ತುಂಬ ಮೊಟ್ಟೆ, ಕೊರಳಲ್ಲಿ ಶಿಲುಬೆ.
'ನೋಡು' ಎಂದೆ. ಅವಳೂ ಇನ್ನೇನು ನಗಬೇಕು,
ಮುದುಕಿ ಗಾಜಿನ ಲೋಟ ಎತ್ತಿಕೊಳ್ಳುತ್ತ
'ಇವನು ಎರಡನೆಯವನು' ಎಂದಳು.

ನಾಲ್ಕೂವರೆಯ ಬಸ್ಸು.
ನನ್ನ ಬಲಗೈಯ ಮಣಿಕಟ್ಟು ಹಿಡಿದು ಕೂತವಳು
ಹೆಬ್ಬೆರಳಿಟ್ಟು ಏನನ್ನೋ ಎಣಿಸುತ್ತಿದ್ದಳು;
ಕಿಟಕಿಯಾಚೆ ನೋಡುತ್ತಲೇ.
ಹೊಳೆಯಲ್ಲಿ ಕೇಳಿದ್ದನ್ನು ಹೇಳಲಿಲ್ಲ ನಾನು.
ಕಂಡಕ್ಟರ್ ಬಂದ. ಅವಳು ಬಿಡಲಿಲ್ಲ.
ಬಲಕಿಸೆಯೊಳಕ್ಕೆ ಎಡಗೈ ತೂರಿ,
ಹೇಗೋ,
ಎರಡು ಟಿಕೆಟ್ಟು ತೆಗೆದೆ.