ಕೊಸರು

ಪೆನ್ಷನ್ ಮೊಹಲ್ಲಾದಲ್ಲಿ ನನ್ನದು ಫೋಟೋ ಕಟ್ಟುವ ಅಂಗಡಿ.
ಮೇ ಏಳು, ಮಟಮಟ ಮಧ್ಯಾಹ್ನ, ಗಲೀನಮ್ಮ ಬಂದಳು.
ಡಾಕ್ಟರ್ ಶಾಂತಮಲ್ಲಪ್ಪ ಓದಲು ಹೋಗಿ
ವೋಲ್ಗಾ ದಂಡೆಯಿಂದ ಕರಕೊಂಡು ಬಂದ ಹೆಂಡತಿ.
ಮೂವತ್ತೆಂಟು ವರ್ಷ ಹಾಸನದ ಬಿಸಿಲು ಕುಡಿದು
ಮೊದಲು ಕೆಂಪಾಗಿ, ಆಮೇಲೆ ನಮ್ಮ ಹಾಗೇ ಆದವಳು.

ಪರ್ಸಿನಿಂದ ತೆಗೆದದ್ದು ಹೆಬ್ಬೆರಳಗಲದ ಫೋಟೋ,
ಭುಜದ ಮೇಲೆ ಸರ್ಕಾರಿ ಮೊಹರಿನ ಅರ್ಧಚಂದ್ರ.
"ದೊಡ್ಡದು ಮಾಡು. ಗಾಜು ಬೇಡ. ಕೋಲು ಬೇಕು."
ಕೋಲೇ?
ಮಿಣಿಮಿಣಿ ಬಲ್ಬಿನ ಸರ ಕೇಳಿದವರುಂಟು,
ಗಂಧದ ಹಾರ ಕೇಳಿದವರುಂಟು,
ಸತ್ತವರಿಗೆ ಕೋಲು ಕೇಳಿದವರು ಇವಳೇ ಮೊದಲು.
"ಅವನು ನಡೀಬೇಕು" ಅಂದಳು.

ಒಂಬತ್ತನೇ ತಾರೀಖು ಅವರು ಗೆದ್ದ ದಿನವಂತೆ.
ಅವಳ ಊರಲ್ಲಿ ಅವತ್ತು ಮನೆಯಲ್ಲಿ ಯಾರೂ ಕೂರುವುದಿಲ್ಲವಂತೆ,
ಒಬ್ಬೊಬ್ಬರ ಕೈಯಲ್ಲಿ ಒಬ್ಬೊಬ್ಬ ಸತ್ತವನು,
ತಲೆಯ ಮೇಲೆ ತಲೆ, ಬೀದಿ ತುಂಬ ಹರಿಯುವ ಮುಖ.
ಇವನ ಹೆಸರು ಸ್ತೆಪಾನ್. ಇಪ್ಪತ್ತಮೂರಕ್ಕೆ ನಿಂತ ವಯಸ್ಸು.
"ನನಗೆ ಅರವತ್ತೊಂದು. ನನ್ನ ಮಗನಿಗಿಂತ ಚಿಕ್ಕವನು,
ತಾತ ಅನ್ನೋಕೆ ನಾಚಿಕೆಯಾಗುತ್ತೆ."

ಮುಂಚೆಯೆಲ್ಲ ಆ ದಿನ ಸೆರಗಿಗೆ
ಕಿತ್ತಳೆ ಕಪ್ಪಿನ ಪಟ್ಟಿ ಚುಚ್ಚಿಕೊಳ್ಳುತ್ತಿದ್ದಳು,
ಮೂರು ವರ್ಷದಿಂದ ಕಂಡಿಲ್ಲ.
ಕೇಳೋಣವೆಂದುಕೊಂಡೆ. ಅಂಗಡಿಯ ಟೀವಿಯಲ್ಲಿ
ಯಾವುದೋ ಊರು ಉರಿಯುತ್ತಿತ್ತು.
ಅದಕ್ಕೆ ಬೆನ್ನು ಹಾಕಿ ನಿಂತು
ಸಿಲ್ವರ್ ಓಕಿನ ಪಟ್ಟಿ ಆರಿಸಿದಳು, ಬೆರಳಿಂದ ಸಿಬಿರು ನೋಡುತ್ತ.

ಹೂವಿಗೆ ಕಟ್ಟಿನಕೆರೆ ಮಾರ್ಕೆಟ್ಟು, ಜೊತೆಗೆ ನಾನು.
ಆರು ಕೆಂಪು ಕಾರ್ನೇಷನ್ ಕೇಳಿದಳು.
ಪುಟ್ಟಲಿಂಗಮ್ಮ ಏಳು ಕೊಟ್ಟಳು, "ಒಂದು ಕೊಸರು, ತಗಳವ್ವ."
ಇವಳು ಒಂದನ್ನು ವಾಪಸಿಟ್ಟಳು.
"ಸತ್ತವರಿಗೆ ಜೋಡಿ ಲೆಕ್ಕ.
ಒಂಟಿ ಹೂ ಸೇರಿದರೆ ಅದು ಬದುಕಿರೋರಿಗೆ."
ಪುಟ್ಟಲಿಂಗಮ್ಮ ಅರೆಗಳಿಗೆ ಯೋಚಿಸಿ
"ಮುಯ್ಯಿಗೆ ನೂರಾ ಒಂದು ಹಾಕ್ತೀವಲ್ಲ, ಅಂಗೇಯ" ಅಂದು
ಆ ಹೂವನ್ನು ತಕ್ಕಡಿಯ ಕೊಂಡಿಗೆ ಸಿಕ್ಕಿಸಿದಳು.

ಮಹಾರಾಜ ಪಾರ್ಕಿನಲ್ಲಿ ಬೆಳಗಿನ ಆರೂವರೆ.
ನಗೆಕೂಟದವರು ಕೈಯೆತ್ತಿ ಹೊಟ್ಟೆಯಿಂದ ನಗುತ್ತಿದ್ದರು,
ನಡುವೆ ಕೋಲು ಹಿಡಿದ ಗಲೀನಮ್ಮನ ಮೆರವಣಿಗೆ, ಒಬ್ಬಳೇ.
ಕಾನ್‌ಸ್ಟೇಬಲ್ ಅಡ್ಡ ಬಂದ. "ಯಾವ ಸಂಘಟನೆ? ಪರ್ಮಿಷನ್ ಇದೆಯಾ?"
"ನಮ್ಮ ತಾತ."
"ಕಾಣೆಯಾಗಿದ್ದಾರಾ?"
"ಹೌದು" ಅಂದಳು, "ಎಂಬತ್ತಮೂರು ವರ್ಷವಾಯ್ತು."
ಅವನು ಟೋಪಿ ತೆಗೆದು ತಲೆ ಕೆರೆದ,
ಮತ್ತೆ ಹಾಕಿಕೊಳ್ಳಲಿಲ್ಲ.

ಅವನು ಅತ್ತ ಹೋದ ಮೇಲೆ ಕಲ್ಲುಬೆಂಚಿನ ಮೇಲೆ
ಸಣ್ಣ ಲೋಟ, ಅದರಲ್ಲಿ ನೀರಲ್ಲದ ನೀರು,
ಮೇಲೊಂದು ಬ್ರೆಡ್ಡಿನ ಚೂರು ಮುಚ್ಚಳದ ಹಾಗೆ.
"ಕಪ್ಪು ರೊಟ್ಟಿ ಇಡಬೇಕು. ಇದು ಬೇಕರಿಯ ರಾಗಿ ಬ್ರೆಡ್ಡು,
ಅವನಿಗೆ ಗೊತ್ತಾಗಲ್ಲ ಬಿಡು."

ನನಗೆ ಗೊತ್ತಾಯಿತು.
ಇದು ಎಡೆ.
ಮಾರ್ಲಮಿ ಅಮಾಸೆಗೆ ನಮ್ಮಜ್ಜಿ ಇಡುತ್ತಿದ್ದದ್ದು,
ಬಾಡಿನ ಸಾರಿನ ಪಕ್ಕ ಒಂದು ಲೋಟ,
ಮೈದುನ ಸಣ್ಣಜವರನಿಗೆ.
ಬರ್ಮಾದ ಯುದ್ಧಕ್ಕೆ ಹೇಸರಗತ್ತೆ ಹೊಡೆಯಲು ಹೋದವನು;
ಹದಿನಾಲ್ಕು ರೂಪಾಯಿಯ ಮನಿಯಾರ್ಡರು ಬಂತು, ಅವನು ಬರಲಿಲ್ಲ.
ಅವನ ಯುದ್ಧ ಯಾರು ಗೆದ್ದರು ಅಂತ
ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.
ಊರಿನ ಅರ್ಧ ಸತ್ತವರಿಗೆ ನಾನೇ ಚೌಕಟ್ಟು ಹಾಕಿದ್ದೇನೆ.
ಅವನಿಗೆ ಫೋಟೋ ಇಲ್ಲ.
ಎಡೆಯ ಹಿಂದಿನ ಗೋಡೆಯಲ್ಲಿ ಒಂದು ಮೊಳೆ ಇದೆ.

ಸಿಲ್ವರ್ ಪಟ್ಟಿ ಬರುವುದು ಎಂಟಡಿ.
ಗಲೀನಮ್ಮನಿಗೆ ಬೇಕಾದದ್ದು ನಾಲ್ಕು.
ಮಿಕ್ಕಿದ್ದನ್ನೂ ಅವತ್ತೇ ಉಜ್ಜಿ ನಯ ಮಾಡಿದ್ದೆ, ಯಾಕೋ.
ಅಂಗಡಿಯ ಮೂಲೆಯಲ್ಲಿ ಒರಗಿದೆ.
ಏನಕ್ಕೆ ಅಂತ ಕೇಳಿದವರಿಗೆ
ಹಾವು ಹೊಡೆಯೋಕೆ ಅಂತೀನಿ.