ಒಂದು ಹನಿಯ ತಕರಾರು

ಆಲ್ಸೇಸಿನ ನಮ್ಮೂರಲ್ಲಿ ಇಗರ್ಜಿ ಒಂದೇ, ಬೀಗದ ಕೈ ಎರಡು.
ಒಂಬತ್ತಕ್ಕೆ ಅಪ್ಪನ ಲೂಥರನ್ನರು ಹಾಡಿ ಮುಗಿಸಿ
ಬೆಂಚು ಬಿಸಿ ಮಾಡಿಟ್ಟು ಹೋಗುತ್ತಾರೆ.
ಹತ್ತೂವರೆಗೆ ಅಮ್ಮನ ಕಥೋಲಿಕರು ಬಂದು
ಅದೇ ಬಿಸಿಯ ಮೇಲೆ ಕೂರುತ್ತಾರೆ.
ನಡುವೆ ಒಂದು ಕೆಂಪು ಪರದೆ.
ಅದನ್ನು ಕಡಿಯುವ ಇಲಿ ಯಾವ ಸಭೆಯದೆಂದು
ಯಾರೂ ಕೇಳಿಲ್ಲ.

ನನಗಾಗ ಒಂಬತ್ತು. ಮೊದಲ ಪರಮಪ್ರಸಾದ.
ನಾಲಿಗೆಗೆ ಅಂಟಿದ ಕಾಗದದಂಥ ಬಿಳಿ ಓಸ್ತಿ.
ಸಂಜೆಗೆ ಹೊಟ್ಟೆ ತಮಟೆ.
ಕೋಲ್ಮಾರಿನ ಡಾಕ್ಟರು ಚೀಟಿಯಲ್ಲಿ ಗೀಚಿದರು:
ಗೋಧಿ ಕೂಡದು. ಒಂದು ಚೂರೂ.

ಅಪ್ಪ ಗೊಟ್‌ಫ್ರೀಡ್ ಬಡಗಿ. ಉಳಿ ಒರೆಸುತ್ತ ಅಂದ:
"ನೋಡು ಫಿಲಿಪ್ಪೀನ್,
ನಿಮ್ಮ ಗುರುಗಳು ಅಷ್ಟೆಲ್ಲ ಹೇಳಿದ ಮೇಲೂ
ಮಗಳ ಕರುಳಿಗೆ ಗೋಧಿಯ ಗುರುತು ಸಿಕ್ಕಿತಲ್ಲ.
ಅವನೂ ಇದ್ದಾನೆ, ರೊಟ್ಟಿಯೂ ಇದೆ.
ನಾವು ಹೇಳೋದೂ ಇಷ್ಟೇ."

ಅಮ್ಮ ಬಟಾಣಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.
"ರುಚಿ ಹೋಗುತ್ತೆ ಅಂದವರಾರು?
ಬಣ್ಣ, ತೂಕ, ನಂಜು, ಎಲ್ಲ ಹಾಗೇ ಇರುತ್ತೆ.
ಬದಲಾಗೋದು ಕರುಳಿಗೆ ತಿಳಿಯದ್ದು.
ನಿನ್ನ ಸಾಕ್ಷಿ ನನ್ನ ಕಡೆಗೇ ಹೇಳ್ತಿದೆ."
ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.
ನಡುವೆ ನಾನು, ಹೊಟ್ಟೆ ಹಿಡಿದುಕೊಂಡು.

ಫಾದರ್ ಮಾಟೆರ್ನ್ ಮೇಲಕ್ಕೆ ಕಾಗದ ಬರೆದರು.
ಅಕ್ಕಿಯ ಓಸ್ತಿ ಆದೀತೆ? ಆಗದು.
ಜೋಳದ್ದು? ಆಗದು.
ಮೂರು ತಿಂಗಳಿಗೆ ಉತ್ತರ: ಹುಡುಗಿಗೆ ಬಟ್ಟಲು ಕೊಡಿ,
ಒಂದು ಹನಿಯಲ್ಲೂ ಆತ ಪೂರ್ತಿ.

ಅಪ್ಪ ತೊಡೆ ತಟ್ಟಿ ನಕ್ಕ:
"ಈ ಬಟ್ಟಲು ಬೇಕೆಂದೇ ನಮ್ಮಜ್ಜಂದಿರು ಜಗಳ ತೆಗೆದದ್ದು!
ಅಷ್ಟು ಪುಸ್ತಕ ಗೆಲ್ಲದ್ದನ್ನು
ನಿನ್ನ ಹೊಟ್ಟೆನೋವು ಗೆದ್ದಿತು, ಮಗಾ."
"ಅದು ಔಷಧ, ತೀರ್ಪಲ್ಲ," ಅಂದಳು ಅಮ್ಮ.

ಆ ಭಾನುವಾರ ಅವನು ಮನೆಗೆ ಹೋಗದೆ
ಹಿಂದಿನ ಬೆಂಚಲ್ಲೇ ಉಳಿದ, ನನ್ನ ಕೋಟು ಮಡಿಲಲ್ಲಿಟ್ಟುಕೊಂಡು.
ಹುಳಿ, ತಣ್ಣಗೆ, ಬೆಳ್ಳಿಯ ವಾಸನೆ.
ವಾಪಸು ಬಂದಾಗ ತುಟಿಯಂಚಲ್ಲಿ ಒಂದು ಹನಿ.
ಅಭ್ಯಾಸಬಲ, ಕರವಸ್ತ್ರ ತೆಗೆದು ಒರೆಸಿಬಿಟ್ಟ.

ಆಮೇಲೆ ಅದನ್ನು ಜೇಬಿಗೆ ಹಾಕಲಾರ,
ಕೈಯಲ್ಲಿ ಹಿಡಿದಿರಲೂ ಆರ.
ದಾರಿಯುದ್ದಕ್ಕೂ ಅಂಗೈಯಲ್ಲಿ ಮರಿಹಕ್ಕಿ ಇದ್ದಂತೆ ನಡೆದ.
ಅಮ್ಮ ಏನೂ ಕೇಳಲಿಲ್ಲ. ಬೋಗುಣಿಯಲ್ಲಿ ಜಾಲಿಸಿ
ನೀರನ್ನು ಜಿರೇನಿಯಂ ಬುಡಕ್ಕೆ ಸುರಿದಳು.
ಅಪ್ಪ ಕಿಟಕಿಯಿಂದ ನೋಡುತ್ತಿದ್ದ, ಟೋಪಿ ತೆಗೆದು.
ಸೆಕೆಗಿರಬಹುದು.

ಸೋಮವಾರ ಮತ್ತೆ ಶುರು, ರಕ್ಷಣೆಯ ಲೆಕ್ಕ.
"ವಿಶ್ವಾಸವೊಂದೇ ಸಾಕಾದರೆ
ಈ ಪಾತ್ರೆ ತೊಳೆಯೋರು ಯಾರು, ಗೊಟ್‌ಫ್ರೀಡ್?"
"ನಾನೇ," ಅಂದ, ತೋಳು ಮಡಿಸುತ್ತ,
"ಪರಲೋಕ ಸಿಗಲಿ ಅಂತಲ್ಲ,
ಆಗಲೇ ಸಿಕ್ಕಿದೆ ಅಂತ."
"ಹಾಗಾದರೆ ಬಾಣಲೆಯನ್ನೂ ತಿಕ್ಕು,"
ಅಂದಳು ಅಮ್ಮ.